ಮಗುವಿಗೆ ಹೊಟ್ಟೆ ಕಟ್ಟಿದಾಗ

ಇವತ್ತಿನ ವಿಷಯ ಊಟದ ಹೊತ್ತಿನಲ್ಲಿ ಆಡುವಂಥದ್ದಲ್ಲ. ರೇಡಿಯೋ ಹಚ್ಚಿಕೊಂಡು ಎಲೆಯ ಮುಂದೆ ಕೂತವರು ದಯವಿಟ್ಟು ಕ್ಷಮಿಸಬೇಕು. ಆದರೆ ಎರಡು ವರ್ಷದ ಮಗುವಿರುವ ಮನೆಯಲ್ಲಿ ಬೆಳಗಾದರೆ ಮೊದಲು ಬರುವ ಮಾತೇ ಇದು: ‘ಮಗು ಕಕ್ಕಸು ಹೋಯಿತಾ?’ ಒಂದರಿಂದ ನಾಲ್ಕು ವರ್ಷದ ಮಕ್ಕಳ ಮಲಬದ್ಧತೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ನಾವು ಮನೆಯಲ್ಲಿ ಹೊಟ್ಟೆ ಕಟ್ಟಿದೆ ಅನ್ನುತ್ತೇವೆ, ಪಕ್ಕದ ಬೀದಿಯವರು ಮಲಚ್ಚಿಕ್ಕಲ್ ಅನ್ನುತ್ತಾರೆ.

ನಾನು ವೈದ್ಯನಲ್ಲ. ಎಸ್.ಎಸ್.ಎಲ್.ಸಿ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದವನು. ನಿವೃತ್ತಿಯಾದ ಮೇಲೆ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದೆ. ಸಂಬಳವಿಲ್ಲ, ಭಾನುವಾರದ ರಜೆಯೂ ಇಲ್ಲ. ಮಕ್ಕಳ ಡಾಕ್ಟರರು ಹೇಳಿದ್ದನ್ನು ಕೇಳಿ, ಸಿಕ್ಕಿದ್ದನ್ನು ಓದಿ ತಿಳಿದದ್ದು ಇದು.

ಮೊದಲು, ಯಾವುದು ಮಲಬದ್ಧತೆ ಅಲ್ಲ ಅನ್ನುವುದನ್ನು ನೋಡೋಣ. ಬರೀ ಎದೆಹಾಲು ಕುಡಿಯುವ ಕೂಸು ನಾಲ್ಕೈದು ದಿನ ಹೋಗದೆ ಇದ್ದು, ಆಮೇಲೆ ಮೆತ್ತಗೆ ಹೋದರೆ ಅದಕ್ಕೆ ಚಿಕಿತ್ಸೆ ಬೇಕಿಲ್ಲ. ದೊಡ್ಡ ಮಗುವೂ ದಿನಕ್ಕೊಂದು ಸಲ ಹೋಗಲೇಬೇಕೆಂಬ ಕಾನೂನಿಲ್ಲ. ದಿನ ಬಿಟ್ಟು ದಿನ ನೋವಿಲ್ಲದೆ ಹೋದರೆ ಸರಿಯೇ. ವಾರಕ್ಕೆ ಎರಡು ಸಲ ಅಥವಾ ಅದಕ್ಕೂ ಕಡಿಮೆ ಹೋಗುವುದು, ಗಟ್ಟಿಯಾಗಿ ಆಡಿನ ಹಿಕ್ಕೆಯಂತೆ ಉದುರುವುದು, ಇಲ್ಲವೇ ಮಗುವಿನ ಗಾತ್ರಕ್ಕೆ ಮೀರಿ ದಪ್ಪನಾಗಿ ಬರುವುದು, ಹೋಗುವಾಗ ಅಳುವುದು, ಹೋಗದೆ ತಡೆದು ಹಿಡಿಯುವುದು – ಇವುಗಳಲ್ಲಿ ಎರಡು ಮೂರು ಸೇರಿ ಒಂದು ತಿಂಗಳು ನಡೆದರೆ ವೈದ್ಯರು ಅದನ್ನು ಮಲಬದ್ಧತೆ ಅನ್ನುತ್ತಾರೆ.

ಈ ತಡೆದು ಹಿಡಿಯುವುದೇ ರೋಗದ ಬೇರು. ಇದನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು. ಒಂದು ಸಲ ಜ್ವರ ಬಂದೋ, ನೀರು ಸಾಲದೆಯೋ, ಊರಿಗೆ ಹೋದಾಗ ಊಟ ಬದಲಾಗಿಯೋ ಮಲ ಗಟ್ಟಿಯಾಗುತ್ತದೆ. ಹೋಗುವಾಗ ಗುದದ್ವಾರ ಸೀಳಿ ಉರಿಯುತ್ತದೆ. ಮಗುವಿಗೆ ಬುದ್ಧಿ ಕಡಿಮೆಯಲ್ಲ. ಹೋದರೆ ನೋವು, ಹೋಗದಿದ್ದರೆ ನೋವಿಲ್ಲ ಎಂದು ಲೆಕ್ಕ ಹಾಕುತ್ತದೆ. ಮುಂದಿನ ಸಲ ಬಂದಾಗ ಬಾಗಿಲ ಹಿಂದೆ ಅವಿತು, ತುದಿಗಾಲಲ್ಲಿ ನಿಂತು, ಕಾಲು ಹೆಣೆದು, ಮುಖ ಕೆಂಪಗೆ ಮಾಡಿ ಬಿಗಿಹಿಡಿಯುತ್ತದೆ. ನೋಡಿದ ಅಜ್ಜಿ ‘ಪಾಪ, ಮುಕ್ಕರಿಯುತ್ತಿದೆ, ಬರುತ್ತಿಲ್ಲ’ ಅನ್ನುತ್ತಾಳೆ. ಅದು ಮುಕ್ಕರಿಯುತ್ತಿರುವುದು ಹೊರಗೆ ಹಾಕುವುದಕ್ಕಲ್ಲ, ಒಳಗೆ ಇಟ್ಟುಕೊಳ್ಳುವುದಕ್ಕೆ. ಒಳಗೆ ಉಳಿದಷ್ಟು ಹೊತ್ತು ಕರುಳು ನೀರನ್ನು ಹೀರುತ್ತಲೇ ಇರುತ್ತದೆ. ಮಲ ಇನ್ನೂ ಗಟ್ಟಿ, ಇನ್ನೂ ದಪ್ಪ. ಮುಂದಿನ ಸಲ ಇನ್ನೂ ನೋವು. ಬ್ಯಾಂಕಿನವನಾದ ನನಗೆ ಇದು ಚಕ್ರಬಡ್ಡಿಯಂತೆ ಕಾಣುತ್ತದೆ.

ಹೀಗೆ ತುಂಬಿ ತುಂಬಿ ಕೆಳಗಿನ ಕರುಳು ಹಿಗ್ಗಿದರೆ, ಬಂದಿದೆ ಎಂಬ ಅರಿವೇ ಮಗುವಿಗೆ ಮಂಕಾಗುತ್ತದೆ. ಆಗ ಗಟ್ಟಿ ಉಂಡೆಯ ಪಕ್ಕದಿಂದ ತೆಳ್ಳನೆಯ ಮಲ ಜಾರಿ ಚಡ್ಡಿಗೆ ಅಂಟುತ್ತದೆ. ಎರಡು ಭಾಷೆಯ ನಮ್ಮ ಊರುಗಳಲ್ಲಿ ಇಲ್ಲೊಂದು ಅಪಾಯವಿದೆ. ತಾಯಿ ಆಸ್ಪತ್ರೆಗೆ ಹೋಗಿ ತಮಿಳಿನಲ್ಲಿ ‘ವಯಿತ್ತಾಲೆ ಪೋಗುದು’ ಅನ್ನುತ್ತಾಳೆ. ಹಾಗಂದರೆ ಭೇದಿ. ಭೇದಿಗೆ ಔಷಧಿ ಬರುತ್ತದೆ, ಒಳಗಿನ ಗಟ್ಟಿ ಉಂಡೆ ಹಾಗೇ ಉಳಿಯುತ್ತದೆ. ಆದ್ದರಿಂದ ಡಾಕ್ಟರರ ಮುಂದೆ ಒಂದು ಪದದಲ್ಲಿ ಮುಗಿಸಬೇಡಿ. ಎಷ್ಟು ದಿನದಿಂದ ಸರಿಯಾಗಿ ಹೋಗಿಲ್ಲ, ಹೋದದ್ದು ಹೇಗಿತ್ತು, ಚಡ್ಡಿಯಲ್ಲಿ ಕಲೆ ಯಾವಾಗಿನಿಂದ, ಎಲ್ಲವನ್ನೂ ಹೇಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಹೋದ ದಿನಕ್ಕೊಂದು ಗುರುತು ಹಾಕಿಟ್ಟರೆ ಯಾವ ಭಾಷೆಯೂ ಬೇಕಿಲ್ಲ, ಅದನ್ನೇ ತೋರಿಸಬಹುದು. ಮಗು ಬೇಕೆಂದೇ ಚಡ್ಡಿ ಕೆಡಿಸಿತೆಂದು ಹೊಡೆಯುವವರಿದ್ದಾರೆ. ಅದು ಅನ್ಯಾಯ. ಅದಕ್ಕೆ ಗೊತ್ತಾಗಿಯೇ ಇರುವುದಿಲ್ಲ.

ಇನ್ನು ನಮ್ಮ ಸೀಮೆಯ ವಿಷಯ. ಸಿರುಮುಗೈ ಕಡೆ ದೇವಾಂಗರ ಮನೆಗಳಲ್ಲಿ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತ ತಾಯಿ ಮಧ್ಯೆ ಎದ್ದರೆ ಆ ಹೊತ್ತಿನ ಕೂಲಿ ಹೋಯಿತು. ಸೋಮನೂರು, ಪಲ್ಲಡಂ ಕಡೆ ಪವರ್‌ಲೂಮ್. ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯ ಬಸ್ಸು ಬೆಳಿಗ್ಗೆ ಬಂದು ಹಾರ್ನ್ ಹೊಡೆದರೆ ಮಗು ಅಜ್ಜಿಯ ಕೈಗೆ. ಮಗು ಅತ್ತರೆ ಒಂದು ಬಾಟಲಿ ಹಾಲು, ಇನ್ನೂ ಅತ್ತರೆ ಬಿಸ್ಕತ್ತು, ಬನ್ನು, ವರ್ಕಿ, ಚಹದಲ್ಲಿ ಅದ್ದಿದ ರಸ್ಕು. ಹೊಟ್ಟೆ ತುಂಬುತ್ತದೆ, ನಾರು ಒಂದಿಷ್ಟೂ ಸೇರುವುದಿಲ್ಲ. ಯಾರನ್ನೂ ದೂರುವ ಮಾತಲ್ಲ ಇದು; ದುಡಿಮೆ ಹಾಗಿದೆ. ಆದರೆ ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಬೇಡ. ಹಾಲು ಹೆಚ್ಚಾದರೆ ಅನ್ನ ಸೇರುವುದಿಲ್ಲ, ರಕ್ತವೂ ಕಡಿಮೆಯಾಗುತ್ತದೆ. ರಾತ್ರಿಯ ಬಾಟಲಿಯನ್ನು ಮೊದಲು ಬಿಡಿಸಿ.

ನಾರಿಗೆ ಪೇಟೆಗೆ ಓಡಬೇಕಾಗಿಲ್ಲ. ಮಗುವಿನ ವಯಸ್ಸಿಗೆ ಐದು ಸೇರಿಸಿದರೆ ದಿನಕ್ಕೆ ಬೇಕಾದ ನಾರು ಗ್ರಾಮಿನಲ್ಲಿ ಬರುತ್ತದೆ ಎಂಬುದು ವೈದ್ಯರ ಒಂದು ಸುಲಭ ಲೆಕ್ಕ. ಎರಡು ವರ್ಷಕ್ಕೆ ಏಳು ಗ್ರಾಂ. ಪರಂಗಿ ಹಣ್ಣು, ಸೀಬೆ, ನುಗ್ಗೆಸೊಪ್ಪು, ಕೀರೆ ಮಸಿದದ್ದು, ಕೊಂಗುನಾಡಿನವರ ಹುರುಳಿ ಕಡೈಯಲ್, ಸಜ್ಜೆ, ರಾಗಿ. ರಾಗಿಯನ್ನು ಬಟ್ಟೆಯಲ್ಲಿ ಸೋಸಿ ಹಾಲು ತೆಗೆದು ಕೊಡುವುದು ಎಳೆಗೂಸಿಗೆ ಸರಿ. ಎರಡು ವರ್ಷದ ಮಗುವಿಗೂ ಸೋಸಿಯೇ ಕೊಟ್ಟರೆ ನಾರೆಲ್ಲ ಬಟ್ಟೆಯಲ್ಲೇ ಉಳಿಯುತ್ತದೆ. ಬಾಳೆಹಣ್ಣು ಕಟ್ಟುತ್ತದೋ ಬಿಡಿಸುತ್ತದೋ ಎಂದು ಅತ್ತೆ ಸೊಸೆಗೆ ಜಗಳವಾಗುವ ಮನೆಗಳಿವೆ. ಇಬ್ಬರೂ ಸರಿ: ಕಾಯಿಗಾಯಾಗಿದ್ದರೆ ಕಟ್ಟುತ್ತದೆ, ಚೆನ್ನಾಗಿ ಕಳಿತಿದ್ದರೆ ತೊಂದರೆಯಿಲ್ಲ. ಒಣದ್ರಾಕ್ಷಿಯನ್ನು ನೆನೆಸಿ ಕಿವುಚಿ ಕೊಡಿ, ಇಡಿಯಾಗಿ ಕೊಟ್ಟರೆ ಗಂಟಲಲ್ಲಿ ಸಿಕ್ಕೀತು. ನಾರು ಕೊಟ್ಟು ನೀರು ಕೊಡದಿದ್ದರೆ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಮಗು ಕೇಳಲಿ ಎಂದು ಕಾಯಬೇಡಿ, ಆಟದ ನಡುವೆ ನೀವೇ ಕರೆದು ಎರಡು ಗುಟುಕು ಕುಡಿಸಿ.

ರಕ್ತಹೀನತೆಗೆ ಕೊಡುವ ಕಬ್ಬಿಣದ ಸಿರಪ್ಪಿನಿಂದ ಮಲ ಕಪ್ಪಾಗುತ್ತದೆ, ಕೆಲವು ಮಕ್ಕಳಿಗೆ ಗಟ್ಟಿಯೂ ಆಗುತ್ತದೆ. ಅದಕ್ಕೆಂದು ನೀವೇ ನಿಲ್ಲಿಸಬೇಡಿ, ನರ್ಸಮ್ಮನನ್ನು ಕೇಳಿ.

ಕೂರುವ ಅಭ್ಯಾಸ ಇನ್ನೊಂದು. ಊಟವಾದ ಮೇಲೆ ಕರುಳು ತಾನಾಗಿ ಚಲಿಸುತ್ತದೆ. ಆ ಹೊತ್ತಿನಲ್ಲಿ ಐದು ನಿಮಿಷ ಕೂರಿಸಿದರೆ ಅರ್ಧ ಕೆಲಸ ಮುಗಿಯಿತು. ಬೆಳಿಗ್ಗೆ ಬಸ್ಸಿನ ಗಡಿಬಿಡಿಯಿದ್ದರೆ ರಾತ್ರಿ ಊಟದ ನಂತರ ಕೂರಿಸಿ, ಅವಸರವಿಲ್ಲದ ಹೊತ್ತು ಅದೇ. ಈಗ ಹೆಚ್ಚಿನ ಮನೆಗಳಲ್ಲಿ ಕಕ್ಕಸಿದೆ, ಆದರೆ ಅದರ ಗುಂಡಿ ದೊಡ್ಡವರ ಅಳತೆಯದು. ಮಗುವಿಗೆ ಅದು ಬಾವಿಯಂತೆ ಕಾಣುತ್ತದೆ. ಹೆದರಿದ ಮಗು ಬಿಡುವುದಿಲ್ಲ. ಅಂಗಳದ ಮೂಲೆಯಲ್ಲಿ ಕಾಗದ ಹಾಸಿ ಕುಕ್ಕರಗಾಲಲ್ಲಿ ಕೂರಿಸಿ, ಆಮೇಲೆ ಅದನ್ನು ತೆಗೆದು ಕಕ್ಕಸಿಗೆ ಹಾಕಿ ಕೈ ತೊಳೆಯಿರಿ. ಕುರ್ಚಿಯಂಥ ಕಮೋಡು ಇರುವ ಮನೆಯಲ್ಲಿ ಕಾಲು ನೇತಾಡದಂತೆ ಕೆಳಗೆ ಮಣೆ ಇಡಿ. ಹೊಟ್ಟೆ ಕಟ್ಟಿರುವ ದಿನಗಳಲ್ಲಿ ಕಕ್ಕಸಿನ ಪಾಠ ಹೇಳಿಕೊಡಲು ಹೊರಡಬೇಡಿ. ಮೊದಲು ನೋವು ಹೋಗಲಿ.

ಮನೆಮದ್ದಿನ ಮಾತಿಗೆ ಬಂದರೆ ನಾನು ಕೆಲವರಿಗೆ ಬೇಡದವನಾಗುತ್ತೇನೆ. ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಹಿಂದೆ ಇಡುವುದು, ಸೋಪಿನ ಚೂರು ಇಡುವುದು ನಮ್ಮಲ್ಲೂ ಇದೆ, ತಮಿಳರಲ್ಲೂ ಇದೆ. ಆ ಹೊತ್ತಿಗೆ ಹೋಗುತ್ತದೆ ನಿಜ. ಆದರೆ ಸೋಪು ಒಳಚರ್ಮವನ್ನು ಸುಡುತ್ತದೆ, ತೊಟ್ಟು ಗೀರುತ್ತದೆ, ಹಿಂದೆ ಕೈ ಹಾಕಿದರೆಂಬ ಹೆದರಿಕೆಗೆ ಮಗು ಇನ್ನಷ್ಟು ಬಿಗಿಹಿಡಿಯುತ್ತದೆ. ಬಾಯಿಗೆ ಹರಳೆಣ್ಣೆ ಹಾಕಿ ಹೊಟ್ಟೆ ತೊಳೆಯುವುದೂ ಬೇಡ. ಮೂಗು ಹಿಡಿದು ಕುಡಿಸಿದ ಎಣ್ಣೆ ಶ್ವಾಸಕ್ಕೆ ಹೋದರೆ ಪುಪ್ಪುಸಕ್ಕೆ ಕೇಡು. ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಲೇಬಾರದು. ಹೊಟ್ಟೆಯ ಮೇಲೆ ಬೆಚ್ಚಗೆ ಕೈಯಾಡಿಸುವುದು, ಬೆಚ್ಚನೆಯ ನೀರಿನಲ್ಲಿ ಕೂರಿಸುವುದು ಇವಕ್ಕೆ ಅಡ್ಡಿಯಿಲ್ಲ.

ಊಟ ನೀರು ಸರಿಪಡಿಸಿ ಎರಡು ವಾರವಾದರೂ ಬಗ್ಗದಿದ್ದರೆ ಡಾಕ್ಟರರ ಬಳಿ ಹೋಗಿ. ನೋವು ಹೆಚ್ಚಿದ್ದರೆ ಅಷ್ಟು ದಿನವೂ ಕಾಯುವುದು ಬೇಡ. ಹುಟ್ಟಿದ ಎರಡು ದಿನದೊಳಗೆ ಮೊದಲ ಕಪ್ಪು ಮಲ ಹೋಗದಿದ್ದ ಮಗು, ಮೊದಲ ತಿಂಗಳಲ್ಲೇ ಹೊಟ್ಟೆ ಕಟ್ಟತೊಡಗಿದ ಮಗು, ತೂಕ ಏರದ ಮಗು, ಕಾಲಿನಲ್ಲಿ ಬಲವಿಲ್ಲದ ಮಗು ಇವರನ್ನು ತಡಮಾಡದೆ ತೋರಿಸಬೇಕು. ಹೊಟ್ಟೆ ಉಬ್ಬಿ ಹಸಿರು ವಾಂತಿಯಾದರೆ ಅದೇ ಗಳಿಗೆ ಹೊರಡಿ. 108ಕ್ಕೆ ಫೋನ್ ಮಾಡಿದರೆ ಗಾಡಿ ಬರುತ್ತದೆ.

ಡಾಕ್ಟರರು ಸಾಮಾನ್ಯವಾಗಿ ಲ್ಯಾಕ್ಟುಲೋಸ್ ಎಂಬ ಸಿರಪ್ಪನ್ನೋ, ನೀರಿನಲ್ಲಿ ಕಲಸುವ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿಯನ್ನೋ ಬರೆಯುತ್ತಾರೆ. ಎರಡೂ ಮಲದಲ್ಲಿ ನೀರನ್ನು ಹಿಡಿದಿಟ್ಟು ಮೆತ್ತಗೆ ಮಾಡುತ್ತವೆ, ಕರುಳನ್ನು ಹೊಡೆದೆಬ್ಬಿಸುವ ಜಾತಿಯವಲ್ಲ. ಅಭ್ಯಾಸವಾಗಿಬಿಡುತ್ತದೆ ಎಂಬ ಹೆದರಿಕೆಯಿಂದ ನಾಲ್ಕು ದಿನ ಕೊಟ್ಟು ಬಾಟಲಿಯನ್ನು ಕಪಾಟಿಗೆ ಸೇರಿಸುವುದು ನಾನು ಮನೆಮನೆಯಲ್ಲಿ ಕಂಡದ್ದು. ಹಿಗ್ಗಿದ ಕರುಳು ಮೊದಲಿನ ಗಾತ್ರಕ್ಕೆ ಬರಲು, ನೋವಾಗುವುದಿಲ್ಲ ಎಂದು ಮಗುವಿಗೆ ನಂಬಿಕೆ ಹುಟ್ಟಲು ತಿಂಗಳುಗಳೇ ಬೇಕು. ಕಡಿಮೆಯೆಂದರೆ ಎರಡು ತಿಂಗಳು ಕೊಡಬೇಕು. ಸರಾಗವಾಗಿ ಹೋಗತೊಡಗಿದ ಮೇಲೂ ಒಂದು ತಿಂಗಳು ಬಿಡದೆ ಕೊಟ್ಟು, ನಂತರ ಡಾಕ್ಟರರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಇಳಿಸುವಾಗ ಕ್ಯಾಲೆಂಡರಿನ ಗುರುತು ನೋಡುತ್ತಿರಿ. ಮೂರು ದಿನ ಖಾಲಿ ಕಂಡರೆ ಮತ್ತೆ ಕೇಳಿ.