ಹದಿಹರೆಯದ ಸರದಿ ತಡವಾಗಿ ಬಂತು



ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯ ಪೂರ್ತಿ ಕುಡಿತದ್ದೇ. ಮದಾತ್ಯಯ ಚಿಕಿತ್ಸೆ ಅಂತ ಅದರ ಹೆಸರು. ಅಮಲು ಮೂರು ಹಂತಗಳಲ್ಲಿ ಏರುತ್ತದೆ ಅನ್ನುತ್ತಾನೆ ಚರಕ. ಮೊದಲನೆಯದರಲ್ಲಿ ಉಲ್ಲಾಸ, ಹಾಡು, ಹರಟೆ. ಎರಡನೆಯದರಲ್ಲಿ ನೆನಪು ಬಂದು ಬಂದು ಹೋಗುತ್ತದೆ, ನಾಲಗೆ ತೊದಲುತ್ತದೆ. ಮೂರನೆಯದರಲ್ಲಿ ಮನುಷ್ಯ ಮುರಿದು ಬಿದ್ದ ಮರದ ಕೊರಡು. ಉಸಿರಿದೆ, ಆದರೆ ಸತ್ತವನಿಗೆ ಸಮ. ರಕ್ತದಲ್ಲಿನ ಮದ್ಯಸಾರ ಅಳೆದು ಇವತ್ತಿನ ವೈದ್ಯರು ಮಾಡುವ ಪಟ್ಟಿಯೂ ಹೆಚ್ಚುಕಡಿಮೆ ಇದೇ. ಅಂಕಿ ಸೇರಿಕೊಂಡಿದೆ, ಅಷ್ಟೆ.

ಹಾಗಂತ ಚರಕ ಪಾನನಿರೋಧದವನೇನಲ್ಲ. ಕ್ರಮವರಿತು ಕುಡಿದರೆ ಮದ್ಯ ಅಮೃತಕ್ಕೆ ಸಮ ಅಂತಲೂ ಅದೇ ಅಧ್ಯಾಯದಲ್ಲಿದೆ. ಜೊತೆಗೊಂದು ಎಚ್ಚರಿಕೆ ಇದೆ: ಕುಡಿಯುವವನ ವಯಸ್ಸು, ಬಲ, ಕಾಲ ನೋಡಿಕೊಳ್ಳಬೇಕು. ಆ ಪಟ್ಟಿಯಲ್ಲಿರುವ ವಯಸ್ಸಿನ ಕಡೆಗೆ ಆಧುನಿಕ ವೈದ್ಯಶಾಸ್ತ್ರ ಸರಿಯಾಗಿ ತಿರುಗಿ ನೋಡಿದ್ದು 20ನೆಯ ಶತಮಾನ ಮುಗಿಯುತ್ತ ಬಂದಾಗ. ಇವತ್ತಿನ ನನ್ನ ಮಾತು ಆ ತಡದ ಬಗ್ಗೆ.

18ನೆಯ ಶತಮಾನದ ಮೊದಲರ್ಧದಲ್ಲಿ ಲಂಡನ್ನಿನ ಬಡವರ ಕೇರಿಗಳಿಗೆ ಜಿನ್ ಎಂಬ ಅಗ್ಗದ ಮದ್ಯ ನುಗ್ಗಿತು. ಕುಡಿತದಿಂದ ಬಲಹೀನ, ರೋಗಿಷ್ಠ ಮಕ್ಕಳು ಹುಟ್ಟುತ್ತಿದ್ದಾರೆ ಎಂದು ಅಲ್ಲಿನ ವೈದ್ಯರ ಕಾಲೇಜು 1726ರಲ್ಲಿ ಪಾರ್ಲಿಮೆಂಟಿಗೆ ಮನವಿ ಕೊಟ್ಟಿತು. ಈ ಮಾತು ನೆನಪಿನಲ್ಲಿರಲಿ.

ಆಮೇಲೆ ವೈದ್ಯರು ಹೆಣ ಕೊಯ್ದು ನೋಡಿದರು. 1793ರಲ್ಲಿ ಮ್ಯಾಥ್ಯೂ ಬೇಲಿ ಎಂಬ ವೈದ್ಯ, ಗಟ್ಟಿಯಾಗಿ ಗಂಟುಗಟ್ಟಿದ ಲಿವರ್‌ಗೂ ಕುಡಿತಕ್ಕೂ ನಂಟಿದೆ ಎಂದು ಬರೆದ. 1819ರಲ್ಲಿ ಆ ರೋಗಕ್ಕೆ ಸಿರೋಸಿಸ್ ಎಂಬ ಹೆಸರಿಟ್ಟವನು ಲೆನೆಕ್, ಸ್ಟೆತಸ್ಕೋಪ್ ಕಂಡುಹಿಡಿದ ಅದೇ ಫ್ರೆಂಚ್ ವೈದ್ಯ. 1849ರಲ್ಲಿ ಸ್ವೀಡನ್ನಿನ ಮ್ಯಾಗ್ನಸ್ ಹುಸ್, ದೀರ್ಘಕಾಲದ ಕುಡಿತ ನರಗಳಿಂದ ಹಿಡಿದು ಹೊಟ್ಟೆಯವರೆಗೆ ಇಡೀ ದೇಹವನ್ನು ಕಾಡುವ ಒಂದು ರೋಗ ಎಂದ. 1880ರ ದಶಕದಲ್ಲಿ ವೆರ್ನಿಕೆ ಮತ್ತು ಕೊರ್ಸಕಾಫ್ ಮೆದುಳಿನ ಕಥೆ ಹೇಳಿದರು: ಈಗಷ್ಟೇ ಊಟ ಮಾಡಿದ್ದು ನೆನಪಿಲ್ಲದ, ನೆನಪಿಲ್ಲದ ಕಡೆ ಕಥೆ ಕಟ್ಟಿ ತುಂಬಿಸುವ ರೋಗಿಗಳ ಕಥೆ. ಕುಡುಕರ ದೇಹದಲ್ಲಿ ಬಿ1 ಜೀವಸತ್ವ ಬರಿದಾಗುವುದು ಇದಕ್ಕೆ ಕಾರಣವೆಂದು ತಿಳಿಯಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ತಿಳಿವಳಿಕೆ ಮುಂದಕ್ಕೇ ಹೋಯಿತು ಅಂದುಕೊಳ್ಳಬೇಡಿ. 1949ರಲ್ಲಿ, ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಚಾರ್ಲ್ಸ್ ಬೆಸ್ಟ್ ಮತ್ತು ಸಂಗಡಿಗರು ಇಲಿಗಳ ಮೇಲೆ ಪ್ರಯೋಗ ಮಾಡಿ, ಲಿವರ್‌ಗೆ ಮದ್ಯಸಾರ ವಿಷವೆನ್ನುವುದಾದರೆ ಸಕ್ಕರೆಯನ್ನೂ ವಿಷವೆನ್ನಬೇಕಾದೀತು ಎಂಬರ್ಥದ ತೀರ್ಮಾನಕ್ಕೆ ಬಂದರು. ಕುಡುಕನ ಲಿವರ್ ಕೆಡುವುದು ಅವನು ಸರಿಯಾಗಿ ಉಣ್ಣದೆ ಇರುವುದರಿಂದ ಎಂಬ ವಾದ ಅದು. ಅಷ್ಟು ದೊಡ್ಡ ಹೆಸರಿನವರು ಹೇಳಿದ ಮೇಲೆ ಅಲ್ಲವೆನ್ನುವವರು ಯಾರು? ನ್ಯೂಯಾರ್ಕಿನ ಚಾರ್ಲ್ಸ್ ಲೀಬರ್ ಅಲ್ಲವೆಂದರು. ಪುಷ್ಟಿಯಾದ ಊಟದ ಜೊತೆಗೇ ಮದ್ಯ ಕೊಟ್ಟರೂ ಮನುಷ್ಯರ ಲಿವರ್‌ನಲ್ಲಿ ಕೊಬ್ಬು ತುಂಬುವುದನ್ನು ಅವರು 1960ರ ದಶಕದಲ್ಲಿ ತೋರಿಸಿದರು. 1974ರಲ್ಲಿ, ಹೊಟ್ಟೆ ತುಂಬ ಒಳ್ಳೆಯ ಆಹಾರ ತಿಂದು ಮದ್ಯವನ್ನೂ ಕುಡಿದ ಬಬೂನ್ ಕೋತಿಗಳಿಗೆ ಸಿರೋಸಿಸ್ ಬಂದದ್ದನ್ನು ಪ್ರಕಟಿಸಿದರು. ವಿಜ್ಞಾನದಲ್ಲಿ ವಾದ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಮುಗಿದಿಲ್ಲ. “ಬರೀ ಹೊಟ್ಟೇಲಿ ಕುಡೀಬಾರ್ದು ಕಣಯ್ಯ, ಚೆನ್ನಾಗಿ ತಿಂದು ಕುಡಿದ್ರೆ ಏನೂ ಆಗಲ್ಲ” ಎಂಬ ಉಪದೇಶ ನೀವೂ ಕೇಳಿರುತ್ತೀರಿ. ಊಟ ಮಾಡಿದರೆ ಅಮಲು ನಿಧಾನಕ್ಕೆ ಏರುತ್ತದೆ, ನಿಜ. ಲಿವರ್ ಮಾಡಬೇಕಾದ ಕೆಲಸ ಮಾತ್ರ ಹೆಚ್ಚೇನೂ ಕಡಿಮೆಯಾಗುವುದಿಲ್ಲ.

ಆ ಕೆಲಸ ಏನೆಂದು ನೋಡೋಣ. ಮದ್ಯಸಾರ ಜೀರ್ಣವಾಗಬೇಕಾದ ಪದಾರ್ಥವಲ್ಲ. ಸ್ವಲ್ಪ ಜಠರದಿಂದ, ಬಹುಪಾಲು ಸಣ್ಣ ಕರುಳಿನಿಂದ ನೇರವಾಗಿ ರಕ್ತಕ್ಕೆ ಇಳಿದು ನಿಮಿಷಗಳಲ್ಲಿ ಮೆದುಳು ಮುಟ್ಟುತ್ತದೆ. ಲಿವರ್‌ನ ಕಿಣ್ವಗಳು ಅದನ್ನು ಮೊದಲು ಅಸಿಟಾಲ್ಡಿಹೈಡ್ ಮಾಡುತ್ತವೆ. ಮದ್ಯಕ್ಕಿಂತ ಕೆಟ್ಟ ವಿಷ ಅದು. ಕ್ಯಾನ್ಸರ್ ವಿಷಯದಲ್ಲಿ ಮುಖ್ಯ ಆರೋಪಿಯೂ ಅದೇ. ಆಮೇಲಷ್ಟೇ ನಿರಪಾಯಕಾರಿ ಅಸಿಟೇಟ್. ಈ ಕೆಲಸಕ್ಕೆ ಆತುರವಿಲ್ಲ ಎಂದು ಸ್ವೀಡನ್ನಿನ ಎರಿಕ್ ವಿಡ್ಮಾರ್ಕ್ 1932ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ವಯಸ್ಕರ ದೇಹ ಸುಮಾರಾಗಿ ಗಂಟೆಗೆ 7ರಿಂದ 10 ಗ್ರಾಂ ಮದ್ಯಸಾರ ಕರಗಿಸುತ್ತದೆ. ನಮ್ಮ ಅಂಗಡಿಗಳ ವಿಸ್ಕಿಯಲ್ಲಿ ಮದ್ಯಸಾರ ಶೇ. 42.8. ಒಂದು ನೈಂಟಿ (90 ಮಿಲಿ) ಅಂದರೆ 30 ಗ್ರಾಂ, ಕರಗಲು ಮೂರು ನಾಲ್ಕು ಗಂಟೆ. “ನಾನು ಬರೀ ಬಿಯರ್ ಕಣೋ” ಅನ್ನುವ ಹುಡುಗರಿಗೆ ಇನ್ನೊಂದು ಲೆಕ್ಕ: ಶೇ. 7ರ ಸ್ಟ್ರಾಂಗ್ ಬಿಯರ್, 650 ಮಿಲಿ ಬಾಟಲಿ, ಮದ್ಯಸಾರ 36 ಗ್ರಾಂ. ನೈಂಟಿಗಿಂತ ಜಾಸ್ತಿ!

1726ರ ಮನವಿ ನೆನಪಿದೆಯಲ್ಲ? 1899ರಲ್ಲಿ ವಿಲಿಯಂ ಸಲಿವನ್ ಎಂಬ ವೈದ್ಯ ಲಿವರ್‌ಪೂಲ್ ಜೈಲಿನ ಕುಡುಕ ತಾಯಂದಿರ ಮಕ್ಕಳು ಹೆಚ್ಚು ಸಾಯುತ್ತಾರೆಂದು ಲೆಕ್ಕ ಕೊಟ್ಟ. 1968ರಲ್ಲಿ ಫ್ರಾನ್ಸಿನ ಪಾಲ್ ಲೆಮ್ವಾನ್ ಅಂಥ 127 ಮಕ್ಕಳನ್ನು ಪರೀಕ್ಷಿಸಿ ಬರೆದದ್ದನ್ನು ಹೊರಗೆ ಹೆಚ್ಚು ಜನ ಓದಲಿಲ್ಲ. 1973ರಲ್ಲಿ ಸಿಯಾಟಲ್‌ನ ಜೋನ್ಸ್ ಮತ್ತು ಸ್ಮಿತ್ ಮಕ್ಕಳ ಈ ತೊಂದರೆಗೊಂದು ರೋಗದ ಹೆಸರು ಕೊಟ್ಟ ಮೇಲೆ ಗರ್ಭಿಣಿಯರಿಗೆ ಕುಡಿಯಬೇಡಿ ಎನ್ನುವುದು ರೂಢಿಯಾಯಿತು. ಆ ಮನವಿಯಿಂದ ಇಲ್ಲಿಗೆ ಇನ್ನೂರ ನಲವತ್ತೇಳು ವರ್ಷ. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ಹುಟ್ಟುವ ಮಗುವಿನ ಸರದಿ ಮುಗಿಯಿತು, ನಡುವಯಸ್ಸಿನವರ ಲಿವರ್ ಸರದಿ ಮುಗಿಯಿತು. ನಡುವೆ ಉಳಿದವರು ಹದಿನಾಲ್ಕು, ಹದಿನಾರರ ಮಕ್ಕಳು. ಅವರಿಗೆ ಸಿರೋಸಿಸ್ ಬರುವುದು ಕಡಿಮೆ, ಕೊಯ್ದು ನೋಡಿದರೂ ಕಾಣುವಂಥದ್ದೇನಿಲ್ಲ. ಹಾಗಾಗಿ ಅವರ ವಿಷಯ ಮೊದಲು ಎದ್ದದ್ದು ಆಸ್ಪತ್ರೆಯಲ್ಲಲ್ಲ, ರಸ್ತೆಯಲ್ಲಿ. ಅಮೆರಿಕದಲ್ಲಿ 1971ರಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿದಾಗ ಹಲವು ರಾಜ್ಯಗಳು ಕುಡಿಯುವ ವಯಸ್ಸನ್ನೂ ಇಳಿಸಿದವು. ಎಳೆಯರ ವಾಹನ ಅಪಘಾತಗಳು ಏರಿದವು. 1984ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ, 21 ಮಾಡದ ರಾಜ್ಯಗಳಿಗೆ ಹೆದ್ದಾರಿ ಹಣ ಕಡಿತ ಎಂದು ಕಾನೂನು ತಂದಿತು. 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ ಒಪ್ಪಿದ್ದವು. ಮೆದುಳಿನ ವಿಷಯ ಆಗ ಯಾರ ಬಾಯಲ್ಲೂ ಇರಲಿಲ್ಲ ಎಂಬುದನ್ನು ಗಮನಿಸಿ.

ಮೆದುಳು ಕಾಣಿಸಿದ್ದು 1990ರ ದಶಕದಲ್ಲಿ. ಒಂದು ಕಡೆ ಇಲಿಗಳು. ಹರೆಯದ ಇಲಿಗೆ ಮದ್ಯ ಕೊಟ್ಟರೆ ಬೆಳೆದ ಇಲಿಯಷ್ಟು ಬೇಗ ಅದು ತೂರಾಡುವುದಿಲ್ಲ, ನಿದ್ದೆಗೆ ಬೀಳುವುದಿಲ್ಲ ಎಂದು ಲಿಂಡಾ ಸ್ಪಿಯರ್ ಅವರ ಪ್ರಯೋಗಾಲಯ ತೋರಿಸಿತು. ಡ್ಯೂಕ್ ವಿಶ್ವವಿದ್ಯಾಲಯದ ಸ್ವಾರ್ಟ್ಸ್‌ವೆಲ್ಡರ್ ತಂಡ ಕಂಡದ್ದು ಅದರ ಇನ್ನೊಂದು ಮುಖ: ಹೊಸ ನೆನಪು ಮೂಡಿಸುವ ಹಿಪೊಕ್ಯಾಂಪಸ್ ಎಂಬ ಭಾಗ ಎಳೆಯ ಇಲಿಯಲ್ಲೇ ಹೆಚ್ಚು ಮಂಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯ ಅತ್ಯಂತ ಮುಖ್ಯ ಸಂಗತಿ ಇದು. “ಸಾಕು, ನಿಲ್ಲಿಸು” ಎಂದು ದೇಹ ಕೊಡುವ ಸೂಚನೆ ಆ ವಯಸ್ಸಿನಲ್ಲಿ ತಡವಾಗಿ ಬರುತ್ತದೆ, ಪೆಟ್ಟು ಮಾತ್ರ ಮೊದಲೇ ಬಿದ್ದಿರುತ್ತದೆ. “ನನಗೆ ಏರೋದೇ ಇಲ್ಲ” ಎಂದು ಹದಿನೇಳರ ಹುಡುಗ ಜಂಬ ಕೊಚ್ಚುವುದು ಸುಳ್ಳಲ್ಲ. ಅವನಿಗೆ ಅಪಾಯವಿರುವುದೇ ಆ ನಿಜದಲ್ಲಿ.

ಇನ್ನೊಂದು ಕಡೆ, 1999ರಲ್ಲಿ ಜೇ ಗೀಡ್ ಮತ್ತು ಜೊತೆಗಾರರು ಅವೇ ಮಕ್ಕಳ ಮೆದುಳನ್ನು ಹಲವು ವರ್ಷ ಎಂಆರ್‌ಐ ಮಾಡಿ ನೋಡಿದ್ದನ್ನು ಪ್ರಕಟಿಸಿದರು. ಮೆದುಳು ಬಾಲ್ಯದಲ್ಲೇ ಬೆಳೆದು ಮುಗಿಯುತ್ತದೆ ಎಂಬ ನಂಬಿಕೆ ಕುಸಿಯಿತು. ಹರೆಯದಲ್ಲಿ ಬೇಡದ ಕೊಂಡಿಗಳು ಕಳಚುತ್ತವೆ. ಉಳಿದ ನರತಂತುಗಳಿಗೆ ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ಕಿನಂಥ ಹೊದಿಕೆ ಸುತ್ತಿಕೊಳ್ಳುತ್ತದೆ. ಹಣೆಯ ಹಿಂದಿನ ಭಾಗದಲ್ಲಿ, ಅಂದರೆ ಆಸೆಗೆ ಲಗಾಮು ಹಾಕುವ ಜಾಗದಲ್ಲಿ, ಈ ಕೆಲಸ ಇಪ್ಪತ್ತರ ನಡುವಿನವರೆಗೂ ನಡೆಯುತ್ತದೆ. ಮರುವರ್ಷ ಸ್ಯಾನ್ ಡಿಯಾಗೋದ ಸಾಂಡ್ರಾ ಬ್ರೌನ್ ತಂಡ, ಕುಡಿತಕ್ಕೆ ದಾಸರಾದ 15, 16ರ ಮಕ್ಕಳು ಬಿಟ್ಟು ವಾರಗಳಾದ ಮೇಲೂ ನೆನಪಿನ ಪರೀಕ್ಷೆಯಲ್ಲಿ ಹಿಂದೆ ಬೀಳುವುದನ್ನು ಕಂಡಿತು. 15ಕ್ಕೆ ಮೊದಲು ಶುರು ಮಾಡಿದವರಲ್ಲಿ ಶೇ. 40ರಷ್ಟು ಜನ ಮುಂದೆ ಯಾವಾಗಲಾದರೂ ವ್ಯಸನಿಗಳಾದರು, 20ರ ನಂತರ ಶುರು ಮಾಡಿದವರಲ್ಲಿ ಶೇ. 10ರಷ್ಟು ಎಂಬ ಅಮೆರಿಕದ ಸಮೀಕ್ಷೆಯ ಫಲಿತಾಂಶವೂ ಅದೇ ಸುಮಾರಿಗೆ ಬಂತು. ಎಲ್ಲವನ್ನೂ ಮದ್ಯದ ತಲೆಗೇ ಕಟ್ಟುವಂತಿಲ್ಲ. ಬೇಗ ಶುರು ಮಾಡುವ ಮಕ್ಕಳ ಮನೆ, ವಂಶವಾಹಿ ಎರಡೂ ಅದರಲ್ಲಿ ಸೇರಿರುತ್ತವೆ.

ನಮ್ಮ ರಾಜ್ಯಕ್ಕೆ ಬಂದರೆ, 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಪ್ಯಾಕೆಟ್ ಹೋದ ಜಾಗಕ್ಕೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕ್ ಬಂತು. 2023ರ ಜನವರಿಯಲ್ಲಿ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ನಿಯಮ ಹೊರಟು, ವಿರೋಧ ಎದ್ದ ಮೇಲೆ ವಾಪಸಾಯಿತು. ಹದಿನೆಂಟು ತುಂಬದ ಮಗುವಿಗೆ ಮದ್ಯ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೆಯ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೂ ಕಠಿಣ ಸಜೆ ಇದೆ. ಮದುವೆ ಮನೆಯ ಹಿಂದೆ ಅಣ್ಣನ ಮಗನಿಗೆ “ಒಂದು ಸಿಪ್ ತಗೋಳೋ” ಅನ್ನುವ ಚಿಕ್ಕಪ್ಪಂದಿರಿಗೆ ಇದು ಗೊತ್ತಿರಲಿಕ್ಕಿಲ್ಲ.

ಕೊನೆಗೆ, ಚರಕನ ಮೂರನೆಯ ಹಂತಕ್ಕೆ ಬಿದ್ದ ಹುಡುಗನನ್ನು ಕಂಡರೆ ಏನು ಮಾಡಬೇಕು? ಮಜ್ಜಿಗೆ, ನಿಂಬೆಹಣ್ಣು, ಕಾಫಿ ಯಾವುದನ್ನೂ ಬಾಯಿಗೆ ಸುರಿಯಬೇಡಿ. ತಣ್ಣೀರು ಹೊಯ್ಯಬೇಡಿ. ವಾಂತಿ ಶ್ವಾಸಕೋಶಕ್ಕೆ ಇಳಿಯದಂತೆ ಮಗ್ಗುಲಾಗಿ ಮಲಗಿಸಿ. ಹೊಟ್ಟೆಯಲ್ಲಿ ಉಳಿದ ಮದ್ಯ ಇನ್ನೂ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ, ಆದ್ದರಿಂದ “ಮಲಗಿದ್ರೆ ಸರಿಹೋಗ್ತಾನೆ” ಎಂದು ಒಬ್ಬನೇ ಬಿಟ್ಟು ಹೋಗಬೇಡಿ. ಎಬ್ಬಿಸಿದರೆ ಏಳದಿದ್ದರೆ, ಉಸಿರು ನಿಧಾನವಾದರೆ, ಮೈ ತಣ್ಣಗಾದರೆ 108ಕ್ಕೆ ಫೋನ್ ಮಾಡಿ. ಎಳೆಯರಲ್ಲಿ ರಕ್ತದ ಸಕ್ಕರೆ ಬೇಗ ಕುಸಿಯಬಹುದು, ಅದನ್ನು ಆಸ್ಪತ್ರೆಯವರಿಗೆ ನೆನಪಿಸಿ. ವ್ಯಸನ ಬಿಡಿಸಲು ಸಲಹೆ ಬೇಕಾದವರು 14446, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ ಮಾನಸ್ 14416. ಎರಡೂ ಉಚಿತ. ಬರೆದುಕೊಳ್ಳುವವರಿಗೆ ಮತ್ತೊಮ್ಮೆ: ಒಂದು ನಾಲ್ಕು ನಾಲ್ಕು ನಾಲ್ಕು ಆರು, ಒಂದು ನಾಲ್ಕು ನಾಲ್ಕು ಒಂದು ಆರು.