ರೊಟ್ಟಿ ಒಲೆಯ ಹೊಗೆಗೊಂದು ಹಾದಿ

ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯ ಹಳೆಯ ಮಾಳಿಗೆ ಮನೆಗಳ ಅಡುಗೆಮನೆಗೆ ಕಿಟಕಿ ಅಪರೂಪ. ದಪ್ಪ ಗೋಡೆ, ಮಣ್ಣಿನ ಮಾಳಿಗೆ; ಬಿಸಿಲನ್ನು ಹೊರಗೇ ನಿಲ್ಲಿಸಲು ಕಟ್ಟಿದ ಮನೆಗಳವು. ಹೊಗೆಗೆ ಇದ್ದದ್ದು ಮೇಲಿನ ಬೆಳಕಿಂಡಿಯೊಂದೇ. ಮಳೆ ಬಂದರೆ ಅದನ್ನೂ ಮುಚ್ಚಬೇಕು. ಆಗ ಒಲೆ ಉರಿಯುತ್ತಿದ್ದರೆ ಒಳಗಿದ್ದವರ ಪಾಡು ದೇವರಿಗೇ ಪ್ರೀತಿ. ಉರುವಲೆಂದರೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು. ಹತ್ತಿ ಕಟ್ಟಿಗೆ ಬೇಗ ಹೊತ್ತಿ ಬೇಗ ಆರುತ್ತದೆ. ರೊಟ್ಟಿ ಬಡಿಯುತ್ತಲೇ ಒಲೆಗೂ ತುಂಬುತ್ತಿರಬೇಕು.

ಬಿಸಿ ಹೊಗೆ ಹಗುರ, ಮೇಲೇರುತ್ತದೆ. ಬೆಳಕಿಂಡಿಯ ಲೆಕ್ಕ ತಪ್ಪಲ್ಲ. ಆದರೆ ಕಿಂಡಿ ಸೇರುವ ಮೊದಲೇ ಹೊಗೆ ಒಲೆಯ ಮುಂದೆ ಕೂತವಳ ಕಣ್ಣು, ಎದೆ ಹೊಕ್ಕಿರುತ್ತಿತ್ತು.

ಇದಕ್ಕೆ ಮದ್ದು ಹುಡುಕಿದವರಲ್ಲೊಬ್ಬರು ಆಗಿನ ರಾಜಧಾನಿ ಹೈದರಾಬಾದಿನಲ್ಲೇ ಇದ್ದರು. 1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆ. ರಾಜಧಾನಿಯ ಎಂಜಿನಿಯರಿಂಗ್ ಸಂಶೋಧನಾ ಪ್ರಯೋಗಾಲಯದ ಎಸ್.ಪಿ. ರಾಜು ಮಣ್ಣಿನ ಒಲೆಗೆ ಕೊಳವೆ ಜೋಡಿಸಿ ಹೊಗೆಯನ್ನು ಸೂರಿನಾಚೆ ಕಳಿಸಿದರು. 1953ರಲ್ಲಿ ಹೊಗೆಯಿಲ್ಲದ ಅಡುಗೆಮನೆಯ ಕುರಿತು ಪುಸ್ತಕವನ್ನೂ ತಂದರು. ಮುಂದೆ, 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಶುರುಮಾಡಿದ 'ಅಸ್ತ್ರ' ಕೇಂದ್ರದಿಂದ ಮೂರು ಪಾತ್ರೆಯ ಅಸ್ತ್ರ ಒಲೆ ಬಂತು. ಸರ್ಕಾರವೂ 1980ರ ದಶಕದಲ್ಲಿ ದೇಶದ ತುಂಬ ಸುಧಾರಿತ ಒಲೆ ಹಾಕಿಸಿತು. ಒಲೆ ಒಳ್ಳೆಯದೇ. ಕೊಳವೆಯೊಳಗಿನ ಮಸಿ ತೆಗೆಯುವವರು ಯಾರು? ಕೊಳವೆ ಕಟ್ಟಿಕೊಂಡರೆ ಹೊಗೆ ಮತ್ತೆ ಮನೆಯೊಳಕ್ಕೇ.

2016ರ ಉಜ್ವಲಾ ಯೋಜನೆಯ ಹೊತ್ತಿಗೆ ಗ್ಯಾಸು ಹಳ್ಳಿಗೂ ಇಳಿಯಿತು. ಆದರೂ ರೊಟ್ಟಿಗೆ, ನೀರು ಕಾಯಿಸಲಿಕ್ಕೆ ಹಿತ್ತಲಿನ ಒಲೆ ಬಿಡದವರಿದ್ದಾರೆ. ಒಲೆ ಬಯಲಿಗೆ ಬಂದದ್ದೂ ಗಾಳಿಯ ವ್ಯವಸ್ಥೆಯೇ, ಅದೂ ಖರ್ಚಿಲ್ಲದ್ದು.

ರಾಯಚೂರು ನಗರದ ಆರ್‌ಸಿಸಿ ಮನೆಯಲ್ಲಿ ಬೆಳಕಿಂಡಿಗೆ ಜಾಗವಿಲ್ಲ. ಹೊಗೆ ಕಡಿಮೆಯಾದರೂ ಮಿರ್ಚಿ ಕರಿದ ಎಣ್ಣೆ ಜಿಡ್ಡು, ಒಗ್ಗರಣೆಯ ಘಾಟು, ಗ್ಯಾಸಿನ ಶಾಖ ಉಳಿದೇ ಇವೆ. ಹತ್ತಡಿ ಉದ್ದ, ಎಂಟಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯಲ್ಲಿ 800 ಘನ ಅಡಿ ಗಾಳಿ. ಗಂಟೆಗೆ 15 ಸಲ ಅದನ್ನು ಬದಲಿಸಬೇಕೆಂದರೆ ನಿಮಿಷಕ್ಕೆ 200 ಘನ ಅಡಿ, ಅಂದರೆ ಗಂಟೆಗೆ ಸುಮಾರು 340 ಘನ ಮೀಟರ್ ಹೊರಹೋಗಬೇಕು. ಸಾಧಾರಣ ಅಡುಗೆಗೆ ಒಳ್ಳೆಯ ಎಕ್ಸಾಸ್ಟ್ ಫ್ಯಾನೇ ಇಷ್ಟು ಮಾಡೀತು. ದಿನವೂ ಕರಿಯುವ ಮನೆಗೆ ಒಲೆಯ ಮೇಲೇ ಹೀರುವ ಚಿಮ್ನಿ ಮೇಲು. ಡಬ್ಬಿಯ ಮೇಲೆ ಅಚ್ಚಾದ ದೊಡ್ಡ ಅಂಕಿಗೆ ಮರುಳಾಗಬೇಕಿಲ್ಲ. ಪೈಪು ಉದ್ದವಾದಷ್ಟೂ, ತಿರುವು ಹೆಚ್ಚಿದಷ್ಟೂ ಎಳೆತ ಕುಗ್ಗುತ್ತದೆ. ಪೈಪಿಲ್ಲದ, ಇದ್ದಿಲು ಫಿಲ್ಟರಿನ ಚಿಮ್ನಿ ವಾಸನೆ ತಗ್ಗಿಸಿ ಅದೇ ಬಿಸಿಗಾಳಿಯನ್ನು ಒಳಕ್ಕೇ ಬಿಡುತ್ತದೆ. ರಾಯಚೂರಿನ ಮೇ ತಿಂಗಳಿಗೆ ಅದು ಹೇಳಿದ್ದಲ್ಲ.

ಗೋಡೆಯ ದಿಕ್ಕನ್ನೂ ನೋಡಬೇಕು. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುವುದರಿಂದ ಆ ದಿಕ್ಕಿನ ಗೋಡೆಯ ಫ್ಯಾನು ಎದುರುಗಾಳಿಗೆ ಏದುಸಿರು ಬಿಡುತ್ತದೆ. ಹೊರಹೋಗುವಷ್ಟು ಗಾಳಿ ಒಳಬರಲು ಎದುರಿನ ಕಿಟಕಿಯೋ ಬಾಗಿಲೋ ತೆರೆದಿರಬೇಕು. ಗೋಡೆ ಕೊರೆಯಲು ಮಾಲೀಕರು ಬಿಡದ ಬಾಡಿಗೆ ಮನೆಯಲ್ಲಿ, ವೆಂಟಿಲೇಟರಿನ ಒಂದು ಗಾಜು ತೆಗೆಸಿ ಅಲ್ಲೇ ಫ್ಯಾನು ಕೂಡಿಸಬಹುದು. ಮನೆ ಬಿಡುವಾಗ ಗಾಜು ಹಾಕಿಸಿಕೊಟ್ಟರಾಯಿತು.