ಬೆಕ್ಕಿನ ಮರಿ ಮತ್ತು ಉಣ್ಣೆಯ ಶಾಲು

ಕಳೆದ ಮಳೆಗಾಲದಲ್ಲಿ ಮೂರು ವಾರದ ಬೆಕ್ಕಿನ ಮರಿಯೊಂದನ್ನು ಮನೆಗೆ ತಂದೆ. ತಂದವನು ನಾನೇ, ತಪ್ಪೂ ನನ್ನದೇ. ಹೊಟ್ಟೆ ತುಂಬಿದ್ದರೂ ಅದು ರಾತ್ರಿ ನನ್ನ ಉಣ್ಣೆಯ ಶಾಲಿನ ಅಂಚನ್ನು ಬಾಯಲ್ಲಿಟ್ಟು, ಮುಂಗಾಲುಗಳಿಂದ ಒತ್ತುತ್ತ, ಗುರುಗುಟ್ಟುತ್ತ ಚೀಪುತ್ತಿತ್ತು. ಹಸಿವೆಂದು ತಿಳಿದು ಹಾಲಿಟ್ಟೆ, ತಿರುಗಿಯೂ ನೋಡಲಿಲ್ಲ. ಹಸುವಿನ ಹಾಲು ಮರಿಗಳ ಹೊಟ್ಟೆಗೆ ಒಗ್ಗದೆಂಬುದು ಆಮೇಲೆ ತಿಳಿಯಿತು. "ಅದಕ್ಕೆ ಬೇಕಾಗಿರೋದು ಹಾಲಲ್ಲ, ಅಮ್ಮ" ಎಂದರು ನಮ್ಮ ಮನೆಯವರು.

ಕುಡಿಯುವುದು ಬೇರೆ, ಚೀಪುವುದು ಬೇರೆ. ನಮ್ಮ ಕನ್ನಡ ಈ ಭೇದವನ್ನು ಬಲ್ಲದು. ಮರಿ ಮೊಲೆಯ ಸುತ್ತ ಕಾಲೊತ್ತುವುದು ಹಾಲಿಳಿಯಲೆಂದು. ನಾಲ್ಕನೆಯ ವಾರದಿಂದ ತಾಯಿಯೇ ಮೆಲ್ಲಮೆಲ್ಲನೆ ಮೊಲೆ ಬಿಡಿಸುತ್ತದೆ. ಎಂಟನೆಯ ವಾರದ ಹೊತ್ತಿಗೆ ಅದು ಬಹುಮಟ್ಟಿಗೆ ಮುಗಿಯುತ್ತದೆ. ಅದಕ್ಕೆ ಮೊದಲೇ ಅಗಲಿಸಿದರೆ ಚೀಪುವ ಬಯಕೆ ಅನೇಕ ಮರಿಗಳಲ್ಲಿ ಉಳಿದುಬಿಡುತ್ತದೆ. 1958ರಲ್ಲಿ ಅಮೆರಿಕದ ಹ್ಯಾರಿ ಹಾರ್ಲೊ ಪ್ರಕಟಿಸಿದ ಪ್ರಯೋಗದಲ್ಲಿ, ಹಾಲು ಕೊಡುತ್ತಿದ್ದುದು ತಂತಿಯ ಗೊಂಬೆತಾಯಿಯಾದರೂ ಕೋತಿಮರಿಗಳು ಅಪ್ಪಿಕೊಂಡಿರುತ್ತಿದ್ದುದು ಬಟ್ಟೆ ಹೊದಿಸಿದ ತಾಯಿಯನ್ನೇ.

ಗದರಿಸುವುದನ್ನು ಬಿಟ್ಟೆ. ಎಳೆ ನುಂಗಿದರೆ ಕರುಳಿಗೆ ಅಪಾಯ. ಶಾಲನ್ನು ಪೆಟ್ಟಿಗೆಗೆ ಸೇರಿಸಿ, ಗಟ್ಟಿ ನೇಯ್ಗೆಯ ಹಳೆಯ ಪಂಚೆಯ ತುಂಡು ಕೊಟ್ಟೆವು. ಈಗ ದೊಡ್ಡ ಬೆಕ್ಕು. ನಾನು ಓದಲು ಕುಳಿತರೆ ಆ ತುಂಡನ್ನು ಕಚ್ಚಿಕೊಂಡು ಬಂದು ತೊಡೆಯೇರುತ್ತದೆ.